ಎರಡನೆಯ ಮೂಳೆಮುರಿತ ಮತ್ತು ಯಂತ್ರದ ದೂರವಾಣಿ ಕರೆ

ಅರವತ್ತು ದಾಟಿದ ಹಿರಿಯರೊಬ್ಬರು ಅಂಗಳದಲ್ಲಿ ಕಾಲು ಜಾರಿ, ಕೈಯೂರಿ ಬಿದ್ದು, ಮಣಿಕಟ್ಟಿನ ಮೂಳೆ ಮುರಿದುಕೊಂಡರೆ ನಾವು ಅದನ್ನು ಒಂದು ಆಕಸ್ಮಿಕವೆಂದೇ ಎಣಿಸುತ್ತೇವೆ. ಆರು ವಾರ ಪ್ಲಾಸ್ಟರು, ಒಂದಿಷ್ಟು ನೋವಿನ ಮಾತ್ರೆ, ನೆಂಟರಿಷ್ಟರ ಕ್ಷೇಮ ವಿಚಾರಣೆ; ಅಲ್ಲಿಗೆ ಪ್ರಕರಣ ಮುಗಿಯಿತು. ಆದರೆ ನಿಂತ ಎತ್ತರದಿಂದ ಬಿದ್ದ ಮಾತ್ರಕ್ಕೆ ಗಟ್ಟಿಯಾದ ಮೂಳೆ ಸಾಮಾನ್ಯವಾಗಿ ಮುರಿಯುವುದಿಲ್ಲ. ಹಾಗೆ ಮುರಿಯಿತೆಂದರೆ ಒಳಗೆ ಮೂಳೆ ಟೊಳ್ಳಾಗುತ್ತಿದೆ, ಆಸ್ಟಿಯೊಪೊರೋಸಿಸ್ ಎಂಬ ಸದ್ದಿಲ್ಲದ ವ್ಯಾಧಿ ಮನೆ ಮಾಡಿದೆ ಎಂಬುದರ ಸೂಚನೆ ಅದು. ಒಮ್ಮೆ ಹೀಗೆ ಮುರಿದವರಿಗೆ ಮತ್ತೊಮ್ಮೆ ಮುರಿಯುವ ಅಪಾಯ ಉಳಿದವರಿಗಿಂತ ಸರಿಸುಮಾರು ಎರಡು ಪಟ್ಟು. ಸೊಂಟದ ಮೂಳೆ ಮುರಿದು ಆಸ್ಪತ್ರೆಗೆ ಬರುವವರಲ್ಲಿ ಅರ್ಧದಷ್ಟು ಜನರಿಗೆ ಅದಕ್ಕೂ ಮೊದಲೇ ಎಲ್ಲೋ ಒಂದು ಕಡೆ ಮೂಳೆ ಮುರಿದಿರುತ್ತದೆ ಎಂದು ವೈದ್ಯಲೋಕ ಬಹುಕಾಲದಿಂದ ಬಲ್ಲದು. ಸೊಂಟ ಮುರಿದ ವೃದ್ಧರಲ್ಲಿ ಐವರಿಗೆ ಒಬ್ಬರಾದರೂ ಒಂದು ವರ್ಷ ತುಂಬುವುದರೊಳಗೆ ತೀರಿಕೊಳ್ಳುತ್ತಾರೆ. ಉಳಿದವರಲ್ಲಿ ಎಷ್ಟೋ ಮಂದಿ ಮತ್ತೆ ಯಾರ ಆಸರೆಯೂ ಇಲ್ಲದೆ ನಡೆದಾಡಲಾರರು.

ಅಂದರೆ ಮೊದಲ ಮುರಿತಕ್ಕೂ ಎರಡನೆಯದಕ್ಕೂ ನಡುವೆ ಒಂದು ಅವಧಿಯಿದೆ. ಆ ಅವಧಿಯಲ್ಲಿ ಯಾರಾದರೂ ರೋಗಿಯ ಬೆನ್ನು ಹತ್ತಿ, ಪರೀಕ್ಷೆ ಮಾಡಿಸಿ, ಔಷಧಿ ಕೊಡಿಸಿ, ಅದನ್ನು ಬಿಡದಂತೆ ನೋಡಿಕೊಂಡರೆ ಎರಡನೆಯ ಮುರಿತವನ್ನು ಅನೇಕ ಸಂದರ್ಭಗಳಲ್ಲಿ ತಪ್ಪಿಸಬಹುದು. ಈ ಸರಳವಾದ ಮಾತನ್ನು ಒಂದು ವ್ಯವಸ್ಥೆಯಾಗಿ ಮೊದಲು ಕಟ್ಟಿದವರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ವೈದ್ಯರು ಮುಖ್ಯರು. 1999ರಲ್ಲಿ ಅಲ್ಲಿ ಆರಂಭವಾದ ‘ಫ್ರ್ಯಾಕ್ಚರ್ ಲಿಯೇಸನ್ ಸರ್ವಿಸ್’ ಎಂಬ ಸೇವೆಯ ಜೀವಾಳ ದೊಡ್ಡ ಯಂತ್ರವೂ ಅಲ್ಲ, ಹೊಸ ಔಷಧಿಯೂ ಅಲ್ಲ. ತರಬೇತಿ ಪಡೆದ ದಾದಿಯರು ಮೂಳೆ ವಿಭಾಗಕ್ಕೆ ಬರುವ ಐವತ್ತು ದಾಟಿದ ರೋಗಿಗಳನ್ನು ಗುರುತಿಸುತ್ತಾರೆ, ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆಗೆ ಕಳುಹಿಸುತ್ತಾರೆ, ಚಿಕಿತ್ಸೆಗೆ ಏರ್ಪಾಡು ಮಾಡುತ್ತಾರೆ. ಮೂಳೆ ಕೂಡಿಸುವ ಶಸ್ತ್ರವೈದ್ಯರಿಗೂ ಊರಿನ ಸಾಮಾನ್ಯ ವೈದ್ಯರಿಗೂ ನಡುವೆ ರೋಗಿ ಕಳೆದುಹೋಗದಂತೆ ಸೇತುವೆಯಾಗಿ ನಿಲ್ಲುವುದೇ ಅವರ ಕೆಲಸ. ಈ ಮಾದರಿ ಮುಂದೆ ಅನೇಕ ದೇಶಗಳಿಗೆ ಹರಡಿತು. ಅಂತಾರಾಷ್ಟ್ರೀಯ ಆಸ್ಟಿಯೊಪೊರೋಸಿಸ್ ಪ್ರತಿಷ್ಠಾನ 2012ರಲ್ಲಿ ಇದಕ್ಕಾಗಿಯೇ ಒಂದು ಜಾಗತಿಕ ಅಭಿಯಾನವನ್ನು ಆರಂಭಿಸಿತು.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಈ ಸೇವೆಗಳ ಲೆಕ್ಕ ಪರಿಶೋಧನೆಯೂ ನಡೆಯುತ್ತದೆ. ಅಲ್ಲಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ ನಡೆಸುವ ಈ ಪರಿಶೋಧನೆಯ ಅಳತೆಗೋಲುಗಳಲ್ಲಿ ಎರಡು ನಮ್ಮ ಇಂದಿನ ವಿಚಾರಕ್ಕೆ ಮುಖ್ಯವಾದವು. ಮೂಳೆ ಮುರಿದ 16 ವಾರಗಳೊಳಗೆ ರೋಗಿಯನ್ನು ಮತ್ತೆ ಸಂಪರ್ಕಿಸಿ ಔಷಧಿ ಆರಂಭಿಸಿದ್ದಾರೆಯೇ ಎಂದು ಕೇಳಬೇಕು. 52 ವಾರಗಳಾದಾಗ ಇನ್ನೂ ಸೇವಿಸುತ್ತಿದ್ದಾರೆಯೇ ಎಂದು ಕೇಳಬೇಕು. ಕೇಳುವುದು ಎರಡೇ ಪ್ರಶ್ನೆ. ಆದರೂ ಹಲವು ಆಸ್ಪತ್ರೆಗಳು ಎಡವುವುದು ಇಲ್ಲಿಯೇ. ರೋಗಿಯನ್ನು ಗುರುತಿಸಿ ಚೀಟಿ ಬರೆದುಕೊಡುವ ಕೆಲಸ ಆಸ್ಪತ್ರೆಯ ಗೋಡೆಗಳ ಒಳಗೆ ನಡೆಯುತ್ತದೆ. ನಾಲ್ಕು ತಿಂಗಳ ಮೇಲೆ, ವರ್ಷದ ಮೇಲೆ ಒಬ್ಬೊಬ್ಬರನ್ನೂ ಹುಡುಕಿ ಕರೆ ಮಾಡುವುದು ದಾದಿಯ ದಿನವನ್ನೇ ನುಂಗಿಬಿಡುತ್ತದೆ. ಒಂದು ಕರೆಗೆ ಉತ್ತರ ಬರುವುದಿಲ್ಲ, ಇನ್ನೊಂದು ಕರೆಗೆ ಮೊಮ್ಮಗ ಉತ್ತರಿಸುತ್ತಾನೆ, ಮತ್ತೊಂದು ಸಂಖ್ಯೆಯೇ ಬದಲಾಗಿರುತ್ತದೆ.

ಈ ಕರೆಗಳಿಗೇಕೆ ಇಷ್ಟು ಮಹತ್ವ ಎಂಬುದಕ್ಕೆ ಔಷಧಿಗಳ ಸ್ವಭಾವವನ್ನು ತಿಳಿಯಬೇಕು. ಜ್ವರದ ಮಾತ್ರೆ ಜ್ವರವನ್ನು ಇಳಿಸುತ್ತದೆ, ನೋವಿನ ಮಾತ್ರೆ ನೋವನ್ನು ಕಳೆಯುತ್ತದೆ. ನುಂಗಿದವರಿಗೆ ಫಲ ಕಾಣುತ್ತದೆ. ಮೂಳೆ ಗಟ್ಟಿ ಮಾಡುವ ಮಾತ್ರೆ ನುಂಗಿದವರಿಗೆ ಏನೂ ಅನುಭವಕ್ಕೆ ಬರುವುದಿಲ್ಲ. ಮುಂದೆ ಆಗಬಹುದಾಗಿದ್ದ ಒಂದು ಅನಾಹುತ ಆಗದೆ ಉಳಿಯುವುದೇ ಅದರ ಫಲ. ಆಗದೆ ಉಳಿದುದನ್ನು ಕಂಡವರಾರು? ಹೀಗಾಗಿ ಮಾತ್ರೆ ಆರಂಭಿಸಿದವರಲ್ಲಿ ಸುಮಾರು ಅರ್ಧದಷ್ಟು ಜನ ವರ್ಷದೊಳಗೆ ಅದನ್ನು ಕೈಬಿಡುತ್ತಾರೆ. ಇದು ಶ್ರೀಮಂತ ದೇಶಗಳ ಅನುಭವವೂ ಹೌದು.

ಸೇವಿಸುವ ಕ್ರಮವೂ ಸುಲಭದ್ದಲ್ಲ. ವಾರಕ್ಕೊಮ್ಮೆ ತೆಗೆದುಕೊಳ್ಳುವ ಅಲೆಂಡ್ರೋನೇಟ್ ಮಾತ್ರೆಯನ್ನು ಬೆಳಗಿನ ಬರಿ ಹೊಟ್ಟೆಯಲ್ಲಿ, ಒಂದು ಪೂರ್ತಿ ಲೋಟ ಬರಿಯ ನೀರಿನೊಡನೆ ನುಂಗಬೇಕು. ಅನಂತರ ಅರ್ಧ ಗಂಟೆಯಾದರೂ ಏನನ್ನೂ ತಿನ್ನಬಾರದು, ಹಾಲು ಚಹಾ ಕುಡಿಯಬಾರದು, ಮಲಗಲೂಬಾರದು. ಮಲಗಿದರೆ ಮಾತ್ರೆ ಅನ್ನನಾಳದಲ್ಲಿ ನಿಂತು ಹುಣ್ಣು ಮಾಡೀತು. ನಮ್ಮ ಮನೆಗಳ ಬೆಳಗನ್ನು ನೆನೆಯಿರಿ. ಸ್ನಾನ, ಇಷ್ಟಲಿಂಗಪೂಜೆ ಮುಗಿಯುವ ತನಕ ತೊಟ್ಟು ನೀರನ್ನೂ ಬಾಯಿಗೆ ಹಾಕದ ಹಿರಿಯರು ಎಷ್ಟೋ ಜನ. ಪೂಜೆ ಮುಗಿದೊಡನೆ ಪ್ರಸಾದ, ಅದರ ಹಿಂದೆಯೇ ಬಿಸಿ ಹಾಲು. ಇವುಗಳ ನಡುವೆ ಆ ಮಾತ್ರೆಗೆ ಜಾಗವೆಲ್ಲಿ? ವೈದ್ಯರು ಬರೆದಂತೆಯೇ ಮಾತ್ರೆ ನುಂಗಿದರೂ ಹಾಲಿನೊಡನೆ ನುಂಗಿದರೆ ಅದು ದೇಹಕ್ಕೆ ಸೇರುವುದೇ ಇಲ್ಲ. ಪೂಜೆಯ ಕ್ರಮವನ್ನು ಬಿಡಬೇಕಾಗಿಲ್ಲ. ವಾರದಲ್ಲಿ ಆ ಒಂದು ದಿನ ಪೂಜೆ ಮುಗಿದ ಮೇಲೆ ಬರಿಯ ನೀರಿನಲ್ಲಿ ಮಾತ್ರೆ ನುಂಗಿ, ಅರ್ಧ ಗಂಟೆ ನೆಟ್ಟಗೆ ಕುಳಿತು ಅಥವಾ ಅಡ್ಡಾಡಿ, ಆಮೇಲೆ ಪ್ರಸಾದ ಸ್ವೀಕರಿಸಿದರಾಯಿತು. ದೀರ್ಘದಂಡ ನಮಸ್ಕಾರವನ್ನು ಮಾತ್ರೆಗೆ ಮೊದಲೇ ಮುಗಿಸಿರಬೇಕು. ಇಷ್ಟನ್ನು ಹೇಳಲು ಎರಡು ನಿಮಿಷ ಸಾಕು. ಆ ಎರಡು ನಿಮಿಷ ಸಿಗದೆ ಎಷ್ಟು ಮಾತ್ರೆಗಳು ವ್ಯರ್ಥವಾಗುತ್ತಿವೆಯೋ!

ಆರು ತಿಂಗಳಿಗೊಮ್ಮೆ ಚರ್ಮದಡಿಗೆ ಕೊಡುವ ಡೆನೊಸುಮ್ಯಾಬ್ ಚುಚ್ಚುಮದ್ದಿನ ವಿಷಯ ಇನ್ನೂ ಸೂಕ್ಷ್ಮವಾದದ್ದು. ಅದರ ಪ್ರಭಾವ ಇರುವ ತನಕ ಮೂಳೆ ಚೆನ್ನಾಗಿರುತ್ತದೆ. ಮುಂದಿನ ಸರದಿ ತಪ್ಪಿ ಏಳು ತಿಂಗಳು ಮೀರಿತೆಂದರೆ ತಡೆಹಿಡಿದಿದ್ದ ಸವಕಳಿ ಒಮ್ಮೆಲೇ ಮರುಕಳಿಸಿ, ಬೆನ್ನುಮೂಳೆಯ ಹಲವು ಮಣಿಗಳು ಕುಸಿಯುವ ಅಪಾಯವಿದೆ. ಇಲ್ಲಿ ಮರೆವು ಬರಿಯ ಮರೆವಲ್ಲ, ಹೊಸ ಗಾಯಕ್ಕೆ ದಾರಿ.

ಇಂಥ ಸ್ಥಳದಲ್ಲಿ ಕೃತಕ ಬುದ್ಧಿಮತ್ತೆಯ ದೂರವಾಣಿ ಕರೆ ಪ್ರವೇಶಿಸುತ್ತದೆ. ಮೊದಲೇ ಧ್ವನಿಮುದ್ರಿಸಿದ ಸಂದೇಶವನ್ನು ಒಪ್ಪಿಸಿ ಸುಮ್ಮನಾಗುವ ಹಳೆಯ ಕರೆಯಂತಲ್ಲ ಇದು. ಯಂತ್ರ ಕರೆ ಮಾಡುತ್ತದೆ, ಪ್ರಶ್ನೆ ಕೇಳುತ್ತದೆ, ರೋಗಿಯ ಮಾತನ್ನು ಆಲಿಸಿ ಅಕ್ಷರಕ್ಕಿಳಿಸಿಕೊಳ್ಳುತ್ತದೆ, ಅದರ ಅರ್ಥವನ್ನು ಊಹಿಸಿ ಮುಂದಿನ ಪ್ರಶ್ನೆ ಹಾಕುತ್ತದೆ, ಕೊನೆಗೆ ಒಂದು ವರದಿಯನ್ನು ದಾದಿಯ ಮೇಜಿಗೆ ಕಳುಹಿಸುತ್ತದೆ. ಬ್ರಿಟನ್ನಿನ ಕೆಲವು ಸರಕಾರಿ ಆಸ್ಪತ್ರೆಗಳಲ್ಲಿ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾದ ಕೆಲವು ವಾರಗಳ ಮೇಲೆ ‘ಡೋರಾ’ ಎಂಬ ಹೆಸರಿನ ಇಂಥದೊಂದು ಧ್ವನಿ ರೋಗಿಗಳಿಗೆ ಕರೆ ಮಾಡಿ, ಕಣ್ಣು ಕೆಂಪಾಗಿದೆಯೇ, ನೋವಿದೆಯೇ, ದೃಷ್ಟಿ ಹೇಗಿದೆ ಎಂದು ವಿಚಾರಿಸುತ್ತದೆ. ಆಕ್ಸ್‌ಫರ್ಡಿನ ಯುಫೋನಿಯಾ ಎಂಬ ಸಂಸ್ಥೆ ಇದನ್ನು ರೂಪಿಸಿದೆ. ಇದನ್ನು ಪರೀಕ್ಷೆಗೊಡ್ಡಿದಾಗ ಪ್ರತಿ ಕರೆಯನ್ನೂ ನೇತ್ರವೈದ್ಯರು ಕೇಳುತ್ತ ಕುಳಿತು, ಯಂತ್ರದ ತೀರ್ಮಾನವನ್ನು ತಮ್ಮ ತೀರ್ಮಾನದೊಡನೆ ಹೋಲಿಸಿ ನೋಡಿದರು ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ. ಮನುಷ್ಯನ ಕಿವಿ ಒರೆಗೆ ಹಚ್ಚಿದ ಮೇಲೆಯೇ ಯಂತ್ರದ ಕಿವಿಗೆ ಕೆಲಸ ಕೊಡಬೇಕು. ಇದೇ ಬಗೆಯ ಕರೆಯನ್ನು ಮೂಳೆಮುರಿತ ತಡೆಯುವ ಸೇವೆಗೂ, ಆ ಹದಿನಾರು ಮತ್ತು ಐವತ್ತೆರಡು ವಾರಗಳ ಪ್ರಶ್ನೆಗಳಿಗೂ ಬಳಸಬೇಕೆಂಬುದು ಇಂದಿನ ವಿಚಾರ.

ಇದನ್ನು ಕೇಳಿದೊಡನೆ ‘ಇನ್ನು ಮುದುಕರ ಕ್ಷೇಮ ಕೇಳುವುದಕ್ಕೂ ಯಂತ್ರವೇ?’ ಎಂದು ಮನಸ್ಸು ಮುದುಡುವುದು ಸಹಜ. ನನ್ನ ನಿಲುವು ಬೇರೆ. ಈ ಯಂತ್ರ ಯಾರ ಸ್ಥಾನವನ್ನು ಕಸಿದುಕೊಳ್ಳುತ್ತದೆ ಎಂದು ಮೊದಲು ಕೇಳಬೇಕು. ಅಕ್ಕರೆಯಿಂದ ಕರೆ ಮಾಡುತ್ತಿದ್ದ ದಾದಿಯ ಸ್ಥಾನವನ್ನಾದರೆ ಅದು ನಷ್ಟವೇ ಸರಿ. ಆದರೆ ನಮ್ಮ ಬಹುಪಾಲು ಆಸ್ಪತ್ರೆಗಳಲ್ಲಿ ಆ ಸ್ಥಾನವೇ ಇಲ್ಲ. ಪ್ಲಾಸ್ಟರು ಬಿಚ್ಚಿದ ದಿನವೇ ಸಂಬಂಧ ಕಡಿದುಹೋಗುತ್ತದೆ. ಯಾರೂ ಕೇಳದಿರುವುದಕ್ಕಿಂತ ಯಂತ್ರ ಕೇಳುವುದು ಲೇಸು. ಈ ಮಾತನ್ನು ನಾನು ಹಿಂಜರಿಯದೆ ಹೇಳುತ್ತೇನೆ. ಆದರೆ ಇಷ್ಟಕ್ಕೇ ನಿಲ್ಲಿಸಲಾರೆ.

ನಮ್ಮ ದೇಶಕ್ಕೆ ಯಂತ್ರದ ಕರೆ ಹೊಸತಲ್ಲ. ಕೇಂದ್ರ ಸರಕಾರ 2016ರಲ್ಲಿ ವಿಸ್ತರಿಸಿದ ‘ಕಿಲ್ಕಾರಿ’ ಎಂಬ ಸೇವೆ ಗರ್ಭಿಣಿಯರಿಗೆ ನಾಲ್ಕನೆಯ ತಿಂಗಳಿನಿಂದ ಮಗುವಿಗೆ ಒಂದು ವರ್ಷವಾಗುವ ತನಕ ವಾರಕ್ಕೊಂದರಂತೆ 72 ಧ್ವನಿಸಂದೇಶಗಳನ್ನು ದೂರವಾಣಿಯಲ್ಲಿ ಕಳುಹಿಸುತ್ತದೆ. ಮುಂಬಯಿಯ ಅರ್ಮಾನ್ ಎಂಬ ಸೇವಾಸಂಸ್ಥೆಯೂ ತಾಯಂದಿರಿಗಾಗಿ ಇಂಥದೇ ಕರೆಗಳನ್ನು ನಡೆಸುತ್ತ ಬಂದಿದೆ. ಈ ಸಂಸ್ಥೆಯ ಅನುಭವದಲ್ಲಿ ನಮಗೊಂದು ಪಾಠವಿದೆ. ಮೊದಮೊದಲು ಕರೆಯನ್ನು ಆಲಿಸುತ್ತಿದ್ದ ತಾಯಂದಿರಲ್ಲಿ ಅನೇಕರು ಕ್ರಮೇಣ ಆಲಿಸುವುದನ್ನೇ ಬಿಡುತ್ತಿದ್ದರು. ಎಲ್ಲರಿಗೂ ಸ್ವತಃ ಕರೆ ಮಾಡಿ ವಿಚಾರಿಸುವಷ್ಟು ಕಾರ್ಯಕರ್ತೆಯರು ಇರಲಿಲ್ಲ. ಆಗ ಬೆಂಗಳೂರಿನಲ್ಲಿರುವ ಗೂಗಲ್ ಸಂಶೋಧನಾ ತಂಡದ ನೆರವಿನಿಂದ, ಯಾರು ದೂರ ಸರಿಯುವ ಸಂಭವವಿದೆ, ಯಾರಿಗೆ ಮನುಷ್ಯರೇ ಕರೆ ಮಾಡಿದರೆ ಪ್ರಯೋಜನ ಹೆಚ್ಚು ಎಂಬುದನ್ನು ಕೃತಕ ಬುದ್ಧಿಮತ್ತೆಯಿಂದ ಲೆಕ್ಕ ಹಾಕಿಸಿದರು. ಆ ಪಟ್ಟಿಯಲ್ಲಿದ್ದ ತಾಯಂದಿರೊಡನೆ ಕಾರ್ಯಕರ್ತೆಯರೇ ಮಾತನಾಡಿದರು. ಇಲ್ಲಿ ಯಂತ್ರ ಹುಡುಕಿತು, ಮನುಷ್ಯರು ಮಾತನಾಡಿದರು. ಮೂಳೆಮುರಿತದ ವಿಷಯದಲ್ಲಿಯೂ ನನಗೆ ಸರಿಯೆಂದು ತೋರುವ ಶ್ರಮ ವಿಭಜನೆ ಇದೇ. ನೂರು ಜನರಿಗೆ ಯಂತ್ರ ಕರೆ ಮಾಡಲಿ. ಮಾತ್ರೆ ಬಿಟ್ಟವರು, ಮತ್ತೆ ಬಿದ್ದವರು, ಉತ್ತರವನ್ನೇ ಕೊಡದವರು ಯಾರೆಂದು ಆರಿಸಿ ಕೊಡಲಿ. ಆ ಇಪ್ಪತ್ತು ಮೂವತ್ತು ಜನರ ಬಳಿಗೆ ದಾದಿಯೋ ಆಶಾ ಕಾರ್ಯಕರ್ತೆಯೋ ಹೋಗಲಿ. ಹೀಗೆ ಹೋಗುವವರು ಯಾರೂ ಇಲ್ಲದಿದ್ದರೆ ಯಂತ್ರದ ಕರೆ ಒಂದು ಲೆಕ್ಕಪತ್ರ ಮಾತ್ರ. ‘ಸಂಪರ್ಕಿಸಲಾಗಿದೆ’ ಎಂಬ ಮುದ್ರೆ ಬೀಳುತ್ತದೆ, ಮೂಳೆ ಟೊಳ್ಳಾಗುತ್ತಲೇ ಹೋಗುತ್ತದೆ.

ಭಾಷೆಯ ಪ್ರಶ್ನೆ ನಮ್ಮಲ್ಲಿ ಬ್ರಿಟನ್ನಿಗಿಂತ ದೊಡ್ಡದು. ಪುಸ್ತಕದ ಕನ್ನಡದಲ್ಲಿ ‘ನಿಮ್ಮ ಸೊಂಟದಲ್ಲಿ ನೋವಿದೆಯೇ?’ ಎಂದು ಯಂತ್ರ ಕೇಳಬಹುದು. ಉತ್ತರ ಕರ್ನಾಟಕದ ಅಜ್ಜಿ ಹೇಳುವುದು ‘ಟೊಂಕ ಹಿಡ್ಕೊಂಡದ’ ಎಂದು. ಟೊಂಕವೆಂದರೆ ಏನೆಂದು ಯಂತ್ರಕ್ಕೆ ಕಲಿಸಿದವರು ಯಾರು? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ‘ವಾಣಿ’ ಎಂಬ ಯೋಜನೆಯಲ್ಲಿ ದೇಶದ ಜಿಲ್ಲೆ ಜಿಲ್ಲೆಗಳ ಆಡುಮಾತನ್ನು ಸಂಗ್ರಹಿಸುವ ಕೆಲಸಕ್ಕೆ ಕೈ ಹಾಕಿರುವುದು ಈ ದೃಷ್ಟಿಯಿಂದ ಸಂತೋಷದ ವಿಷಯ. ಕಲಬುರಗಿಯ, ಧಾರವಾಡದ, ಚಾಮರಾಜನಗರದ ಮಾತು ಯಂತ್ರದ ಕಿವಿಗೆ ಬೀಳದೆ ಅದನ್ನು ನಮ್ಮ ಹಿರಿಯರ ಮುಂದೆ ನಿಲ್ಲಿಸಬಾರದು.

ಶಬ್ದ ತಿಳಿದರೂ ಭಾವ ತಿಳಿಯುವುದು ಬೇರೆ. ನಮ್ಮ ಹಿರಿಯರು ತಮ್ಮ ಕಷ್ಟವನ್ನು ಮೊದಲ ಪ್ರಶ್ನೆಗೇ ಹೇಳುವವರಲ್ಲ. ‘ಹೇಗಿದ್ದೀರಿ?’ ಎಂದರೆ ‘ಆರಾಮ ಇದೀನಿ ನೋಡ್ರಿ’ ಎನ್ನುತ್ತಾರೆ. ಎರಡನೆಯ ಸಲ ಕೇಳಿದರೆ ‘ಏನೋ, ನಡದದ’ ಎನ್ನುತ್ತಾರೆ. ಮೂರನೆಯ ಸಲ, ಅದೂ ಗುರುತಿನವರು ಕೇಳಿದಾಗ, ಮೊನ್ನೆ ಬಚ್ಚಲಲ್ಲಿ ಜಾರಿದ್ದು ಹೊರಗೆ ಬರುತ್ತದೆ. ಮಗನಿಗೆ ಖರ್ಚಾದೀತು, ಸೊಸೆಗೆ ತೊಂದರೆಯಾದೀತು ಎಂದು ಬಿದ್ದುದನ್ನು ಮುಚ್ಚಿಡುವವರು ಎಷ್ಟಿಲ್ಲ! ಮೊದಲ ಉತ್ತರವನ್ನೇ ಗುರುತು ಹಾಕಿಕೊಂಡು ಮುಂದಿನ ಪ್ರಶ್ನೆಗೆ ಹೋಗುವ ಯಂತ್ರಕ್ಕೆ ನಮ್ಮಲ್ಲಿ ಎಲ್ಲರೂ ಸುಖಿಗಳಾಗಿಯೇ ಕಾಣುತ್ತಾರೆ. ಆದುದರಿಂದ ‘ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ?’ ಎಂಬ ಪ್ರಶ್ನೆ ನಮ್ಮ ನೆಲದಲ್ಲಿ ನಿರುಪಯೋಗಿ. ‘ಕಳೆದ ಸಲ ಮಾತ್ರೆ ನುಂಗಿದ್ದು ಯಾವ ವಾರ? ಯಾವುದರ ಜೊತೆ ನುಂಗಿದಿರಿ? ಆಮೇಲೆ ಏನು ಮಾಡಿದಿರಿ?’ ಎಂದು ಕೇಳಬೇಕು. ‘ಬಿದ್ದಿದ್ದೀರಾ?’ ಎಂಬುದಕ್ಕಿಂತ ‘ಈಚೆಗೆ ಎಲ್ಲಾದರೂ ಕಾಲು ಜಾರಿತೇ, ತಡವರಿಸಿ ಗೋಡೆ ಹಿಡಿದಿರಾ?’ ಎಂಬುದು ಮೇಲು. ಇಂಥ ಪ್ರಶ್ನೆಗಳನ್ನು ಬರೆಯಬೇಕಾದವರು ಯಂತ್ರಶಾಸ್ತ್ರಜ್ಞರಲ್ಲ. ಹಳ್ಳಿಗಳಲ್ಲಿ ದುಡಿದ ದಾದಿಯರು.

ಇನ್ನೊಂದು ಅಡ್ಡಿಯೂ ಉಂಟು. ‘ಡಿಜಿಟಲ್ ಅರೆಸ್ಟ್’ ಮೊದಲಾದ ವಂಚನೆಗಳಿಂದಾಗಿ ಗುರುತಿಲ್ಲದ ಕರೆಯನ್ನು ಸ್ವೀಕರಿಸಬೇಡಿರೆಂದು ನಾವೇ ಹಿರಿಯರಿಗೆ ಬುದ್ಧಿ ಹೇಳಿದ್ದೇವೆ, ಸರಿಯಾಗಿಯೇ ಹೇಳಿದ್ದೇವೆ. ಈಗ ಗುರುತಿಲ್ಲದ ಧ್ವನಿಯೊಂದು ‘ನಾನು ಆಸ್ಪತ್ರೆಯಿಂದ’ ಎಂದು ಕರೆದರೆ ಅವರು ನಂಬುವುದು ಹೇಗೆ, ನಂಬಬೇಕಾದರೂ ಏಕೆ? ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನವೇ, ಇಂಥ ಸಂಖ್ಯೆಯಿಂದ, ಇಂಥ ತಿಂಗಳಲ್ಲಿ ಕರೆ ಬರುತ್ತದೆ, ಅದು ಹಣವನ್ನೂ ಬ್ಯಾಂಕಿನ ವಿವರವನ್ನೂ ಆಧಾರ್ ಸಂಖ್ಯೆಯನ್ನೂ ಎಂದಿಗೂ ಕೇಳುವುದಿಲ್ಲ ಎಂದು ಕಾಗದದಲ್ಲಿ ಬರೆದುಕೊಡಬೇಕು. ಆ ಕಾಗದವಿಲ್ಲದೆ ಬಂದ ಕರೆಗೆ ನಮ್ಮ ಹಿರಿಯರು ಉತ್ತರಿಸದಿರುವುದೇ ಕ್ಷೇಮ.

ಕರೆ ಮಾಡಿದ ಯಂತ್ರ ತಾನು ಯಂತ್ರವೆಂದು ಮೊದಲ ವಾಕ್ಯದಲ್ಲಿಯೇ ಹೇಳಬೇಕೆಂಬುದು ನನ್ನ ಮಟ್ಟಿಗೆ ರಾಜಿಯಿಲ್ಲದ ಮಾತು. ಈಗಿನ ಧ್ವನಿಗಳು ಎಷ್ಟು ಇಂಪಾಗಿವೆಯೆಂದರೆ ಒಂಟಿಯಾಗಿರುವ ವೃದ್ಧರು ಅದನ್ನು ಯಾರೋ ಮಗಳಂಥವಳೆಂದು ಭಾವಿಸಿ ಮನಸ್ಸನ್ನೇ ಬಿಚ್ಚಿಡಬಹುದು. ಪ್ರೀತಿಯ ಸೋಗು ಹಾಕಿ ಉತ್ತರ ಪಡೆಯುವುದು, ಉದ್ದೇಶ ಎಷ್ಟೇ ಒಳ್ಳೆಯದಾಗಿರಲಿ, ಮೋಸವೇ. ಹಾಗೆಯೇ, ನಡುವೆ ಯಾವ ಕ್ಷಣದಲ್ಲಾದರೂ ‘ಮನುಷ್ಯರ ಹತ್ತಿರ ಮಾತಾಡಬೇಕು’ ಎಂದರೆ ಕರೆ ಮನುಷ್ಯರಿಗೇ ಹೋಗಬೇಕು. ಬಿದ್ದೆ ಎಂದೋ, ಬೆನ್ನಿನಲ್ಲಿ ಹಠಾತ್ ನೋವೆಂದೋ, ನುಂಗುವಾಗ ಎದೆಯಲ್ಲಿ ಉರಿಯೆಂದೋ ಹೇಳಿದರೆ ಯಂತ್ರ ಸಲಹೆ ಕೊಡಲು ಹೋಗದೆ ಅದೇ ದಿನ ದಾದಿಗೆ ತಿಳಿಸಬೇಕು. ಕಿವಿ ಮಂದವಾದವರಿಗೆ, ಮೊಬೈಲು ಮಗನ ಜೇಬಿನಲ್ಲಿರುವವರಿಗೆ ಈ ಕರೆ ತಲುಪುವುದೇ ಇಲ್ಲ. ಅವರ ಹೆಸರು ಯಂತ್ರದ ಪಟ್ಟಿಯಲ್ಲಿ ‘ಉತ್ತರವಿಲ್ಲ’ ಎಂದು ಕೊನೆಗೆ ಬೀಳಬಾರದು, ಮನೆಗೆ ಹೋಗಿ ನೋಡಬೇಕಾದವರ ಪಟ್ಟಿಯಲ್ಲಿ ಮೊದಲಿಗೆ ಬರಬೇಕು.

ಇಂಥ ಸೇವೆ ನಮ್ಮ ಊರಿನ ಆಸ್ಪತ್ರೆಗೆ ಯಾವಾಗ ಬರುತ್ತದೋ ಕಾಯುತ್ತ ಕೂರಬೇಕಾಗಿಲ್ಲ. ಯಂತ್ರ ಕೇಳಬೇಕೆಂದು ಬಯಸುವ ಪ್ರಶ್ನೆಗಳನ್ನು ಕೇಳಲು ಮನೆಯವರಿಗೆ ಯಾವ ಯಂತ್ರವೂ ಬೇಡ. ಬೆಂಗಳೂರಿನಲ್ಲೋ, ಪುಣೆಯಲ್ಲೋ, ಸಮುದ್ರದಾಚೆಯೋ ಇರುವ ಮಕ್ಕಳು ಭಾನುವಾರ ಊರಿಗೆ ಕರೆ ಮಾಡುವುದುಂಟು. ‘ಊಟ ಆಯಿತೇ, ಮಳೆ ಬಂತೇ’ ಎಂಬುದರ ಜೊತೆಗೆ ಮಾತ್ರೆಯ ವಾರವನ್ನೂ ಕೇಳಬಹುದು. ಚುಚ್ಚುಮದ್ದಿನ ಮುಂದಿನ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಮಸಿಯಿಂದ ಬರೆದು, ಅದಕ್ಕೂ ಹದಿನೈದು ದಿನ ಮೊದಲಿನ ತಾರೀಖಿಗೆ ಇನ್ನೊಂದು ಗುರುತು ಹಾಕಬಹುದು. ಬಚ್ಚಲಿನ ದಾರಿಯಲ್ಲಿ ರಾತ್ರಿ ಒಂದು ದೀಪ, ಗೋಡೆಗೆ ಒಂದು ಹಿಡಿಕೆ, ಹೊಸ್ತಿಲಲ್ಲಿ ಜಾರುವ ಚಾಪೆ ಇಲ್ಲದಿರುವುದು, ಕನ್ನಡಕದ ಸಂಖ್ಯೆ ಸರಿಯಿರುವುದು, ನಿತ್ಯ ಸ್ವಲ್ಪ ಹೊತ್ತು ಬಿಸಿಲಿನಲ್ಲಿ ಅಡ್ಡಾಡುವುದು. ರಾಗಿಯಂಥ ಧಾನ್ಯ ನಮ್ಮ ನಾಡಿಗೆ ದೊರೆತ ಭಾಗ್ಯ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಮಿಗೂ ಹೆಚ್ಚು ಕ್ಯಾಲ್ಸಿಯಂ ಇದೆ, ದೊಡ್ಡವರಿಗೆ ದಿನಕ್ಕೆ ಬೇಕಾದುದು ಸುಮಾರು 1000 ಮಿಲಿಗ್ರಾಂ. ಆದರೆ ಒಮ್ಮೆ ಮೂಳೆ ಮುರಿದವರಿಗೆ ರಾಗಿಮುದ್ದೆಯೊಂದೇ ಔಷಧಿಯಾಗಲಾರದು. ‘ಊಟ ಸರಿಯಾಗಿದೆ, ಮಾತ್ರೆ ಏಕೆ?’ ಎಂಬ ವಾದವನ್ನು ಆಗಾಗ ಕೇಳುತ್ತೇವೆ, ಅದನ್ನು ಒಪ್ಪಬೇಡಿರಿ.

ಮನೆಯಲ್ಲಿ ಐವತ್ತು ದಾಟಿದ ಯಾರಿಗೇ ಆಗಲಿ, ಸಣ್ಣದಾಗಿ ಬಿದ್ದು ಮೂಳೆ ಮುರಿದಿದ್ದರೆ, ಅದು ಐದು ವರ್ಷದ ಹಿಂದಿನ ಮಾತಾದರೂ ಸರಿ, ಮುಂದಿನ ಸಲ ವೈದ್ಯರನ್ನು ಕಂಡಾಗ ಮೂರು ಮಾತು ಕೇಳಿರಿ. ಮೂಳೆಯ ಸಾಂದ್ರತೆಯ ಪರೀಕ್ಷೆ ಬೇಕೇ? ಔಷಧಿ ಬೇಕಾದರೆ ಯಾವುದು, ಎಷ್ಟು ವರ್ಷ, ಹೇಗೆ ಸೇವಿಸಬೇಕು? ನಾಲ್ಕು ತಿಂಗಳ ಮೇಲೆ ನಮ್ಮನ್ನು ವಿಚಾರಿಸುವವರು ಯಾರು? ಮೂರನೆಯ ಪ್ರಶ್ನೆಗೆ ‘ಯಾರೂ ಇಲ್ಲ’ ಎಂಬ ಉತ್ತರ ಬಂದರೆ, ಆ ತಾರೀಖನ್ನೂ ಕ್ಯಾಲೆಂಡರಿನಲ್ಲಿ ನೀವೇ ಬರೆದುಕೊಳ್ಳಿರಿ.